ಮೋಟಾರು ಸೈಕಲ್ಲಿನ ಅರ್ಥವಾದ

ಕಳೆದ ನವರಾತ್ರಿಯಲ್ಲಿ, ಆಯುಧಪೂಜೆಗೆ ಇನ್ನು ಎರಡು ದಿನವಿರುವಾಗ, ನಮ್ಮ ಮನೆಗೆ ಬಂದ ವೃತ್ತಪತ್ರಿಕೆಯ ಮೊದಲಿನ ಎರಡು ಪುಟಗಳೂ ಮೋಟಾರು ಸೈಕಲ್ಲುಗಳ ಪ್ರಕಟನೆಗಳಿಂದಲೇ ತುಂಬಿಹೋಗಿದ್ದುವು. ದೇಶದ ಸಮಾಚಾರವು ಮೂರನೆಯ ಪುಟದಿಂದ ಪ್ರಾರಂಭವಾಗಿತ್ತು. ಒಂದು ಗಾಡಿಯು ಲೀಟರು ಪೆಟ್ರೋಲಿಗೆ ಇಷ್ಟು ಕಿಲೋಮೀಟರು ಓಡುವುದೆಂದೂ, ಇನ್ನೊಂದು ಇಷ್ಟು ಸೆಕೆಂಡುಗಳಲ್ಲಿ ಅರವತ್ತರ ವೇಗವನ್ನು ಮುಟ್ಟುವುದೆಂದೂ, ಮತ್ತೊಂದು ತನ್ನ ವರ್ಗದಲ್ಲಿಯೇ ಅಗ್ರಗಣ್ಯವೆಂದೂ ದಪ್ಪಕ್ಷರಗಳಲ್ಲಿ ಅಚ್ಚಾಗಿತ್ತು. ಪ್ರತಿಯೊಂದು ಅಂಕೆಯ ತಲೆಯ ಮೇಲೂ ಒಂದೊಂದು ಚಿಕ್ಕ ನಕ್ಷತ್ರವಿತ್ತು. ಆ ನಕ್ಷತ್ರದ ಜಾಡನ್ನು ಹಿಡಿದು ಪುಟದ ಬುಡಕ್ಕೆ ಇಳಿದು, ಕನ್ನಡಕವು ಸಾಲದೆ ಪಂಚಾಂಗ ನೋಡುವ ಭೂತಗನ್ನಡಿಯನ್ನು ತರಿಸಿಕೊಂಡು ನೋಡಿದೆವು. ಈ ಅಂಕೆಯು ಪರೀಕ್ಷೆಯ ನಿಯತ ಸ್ಥಿತಿಗಳಲ್ಲಿ ದೊರೆತುದೆಂದೂ, ರಸ್ತೆಯಲ್ಲಿ ವ್ಯತ್ಯಾಸವಾಗಬಹುದೆಂದೂ ಇರುವೆಯ ಸಾಲಿನಂತಹ ಅಕ್ಷರಗಳಲ್ಲಿ ಬರೆದಿತ್ತು. ಮೇಲಿನ ಮಾತು ಕನ್ನಡದಲ್ಲಿ. ಬುಡದ ಮಾತು ಇಂಗ್ಲಿಷಿನಲ್ಲಿ.

ಮೂವತ್ತೆರಡು ವರ್ಷಗಳ ಕಾಲ ಹುಡುಗರಿಗೆ ಶಬ್ದರೂಪ ಧಾತುರೂಪಗಳನ್ನು ಬಾಯಿಪಾಠ ಮಾಡಿಸಿ ನಿವೃತ್ತರಾದ ನಮಗೆ ಮೋಟಾರು ಸೈಕಲ್ಲಿನ ಗೊಡವೆ ಏಕೆಂದು ವಾಚಕ ಮಹಾಶಯರು ಕೇಳಬಹುದು. ಬೈಸಿಕಲ್ಲನ್ನು ಬಿಟ್ಟು ಬೇರೊಂದು ವಾಹನವನ್ನು ನಾವು ನಡೆಯಿಸಿದವರಲ್ಲ. ಯಂತ್ರದ ವಿಷಯದಲ್ಲಿ ನಮಗೆ ಅಧಿಕಾರವಿಲ್ಲವೆಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇವೆ. ಆದರೆ ಒಂದು ವಾಕ್ಯವು ಏನನ್ನು ಹೇಳುತ್ತದೆ, ಏನನ್ನು ಹೇಳಿದಂತೆ ತೋರಿಸಿ ಹೇಳದೆ ಬಿಡುತ್ತದೆ ಎಂಬುದನ್ನು ವಿಚಾರಿಸುವುದು ನಮ್ಮ ಹಳೆಯ ಕಸುಬು. ಅದೂ ಅಲ್ಲದೆ, ಈ ಪ್ರಕಟನೆಗಳ ಬಿಸಿಯು ಎರಡು ವರ್ಷಗಳ ಹಿಂದೆ ನಮ್ಮ ಮನೆಗೇ ತಟ್ಟಿತು.

ನಮ್ಮ ತಂಗಿಯ ಯಜಮಾನರು ತೀರಿಕೊಂಡು ಒಂಬತ್ತು ವರ್ಷಗಳಾದುವು. ಅವಳ ಮಗನು ನಂಜನಗೂಡಿನ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದನು. ಮನೆಯಿರುವುದು ಮೈಸೂರಿನಲ್ಲಿ. ಹೋಗಿಬರಲು ದಿನಕ್ಕೆ ಐವತ್ತು ಕಿಲೋಮೀಟರು. ಪಾಳಿಯ ಕೆಲಸವಾದುದರಿಂದ ಬಸ್ಸನ್ನು ನಂಬುವಂತಿರಲಿಲ್ಲ. ಗಾಡಿಯೊಂದು ಬೇಕೇ ಆಯಿತು. ತಾಯಿಯು ತನ್ನ ಎರಡೆಳೆಯ ಸರವನ್ನು ಒತ್ತೆಯಿಟ್ಟು ಮುಂಗಡವನ್ನು ಹೊಂದಿಸಿದಳು. ಉಳಿದುದು ಬ್ಯಾಂಕಿನ ಸಾಲ. ಸಾಲವೆಂದರೆ ಹೆದರುವ ಜೀವ ಅವಳದು. ಆದಕಾರಣ ಕೊಳ್ಳುವುದಕ್ಕೆ ಮೊದಲು ಕಾಗದದ ಮೇಲೆ ಲೆಕ್ಕ ಹಾಕಿದಳು. ಪ್ರಕಟನೆಯಲ್ಲಿ ಇದ್ದುದು ಲೀಟರಿಗೆ 65 ಕಿಲೋಮೀಟರು. ತಿಂಗಳಿಗೆ 26 ದಿನಗಳಂತೆ 1,300 ಕಿಲೋಮೀಟರು. ಅಂದರೆ 20 ಲೀಟರು. ಲೀಟರೊಂದಕ್ಕೆ ನೂರು ರೂಪಾಯಿ ಎಂದೇ ಹಿಡಿದರೆ 2,000 ರೂಪಾಯಿ. ಈ ಲೆಕ್ಕವನ್ನು ನಮಗೆ ತೋರಿಸಿದಳು. ನಾವು ನೋಡಿ, ಸರಿಯೆಂದು ಹೇಳಿ, ಅಭ್ಯಾಸಬಲದಿಂದ ಪಕ್ಕದಲ್ಲಿ ಗುರುತನ್ನೂ ಹಾಕಿದೆವು. ಭಾಗಾಕಾರವು ಸರಿಯಾಗಿಯೇ ಇತ್ತು. ಭಾಜಕವನ್ನು ನಾವು ವಿಚಾರಿಸಲಿಲ್ಲ.

ಮೂರು ತಿಂಗಳು ಕಳೆಯುವಷ್ಟರಲ್ಲಿ ಪೆಟ್ರೋಲಿನ ಬಾಬು 2,700 ರೂಪಾಯಿಗೆ ನಿಂತಿತು. ಹೆಚ್ಚಾದ ಏಳು ನೂರು ರೂಪಾಯಿಯು ಉಳ್ಳವರಿಗೆ ದೊಡ್ಡದಲ್ಲ. ಆದರೆ ತಂಗಿಯ ಮನೆಯಲ್ಲಿ ಅದು ಕಿರಿಯ ಮಗಳ ಕಂಪ್ಯೂಟರ್ ತರಗತಿಯ ಶುಲ್ಕವಾಗಿತ್ತು. ಆ ಹುಡುಗಿಯು ತರಗತಿಯನ್ನು ಬಿಟ್ಟಳು. ಇದಕ್ಕಿಂತಲೂ ಕೆಟ್ಟ ಪರಿಣಾಮವೊಂದು ಉಂಟಾಯಿತು. ಅಚ್ಚಾದ ಅಂಕೆಯು ಸುಳ್ಳಾಗಲಾರದು. ಹಾಗಾದರೆ ಮಗನೇ ಎಲ್ಲಿಯೋ ಸುತ್ತಾಡುತ್ತಿರಬೇಕು ಎಂದು ತಾಯಿಗೆ ಸಂಶಯ ಹುಟ್ಟಿತು. “ಅಣ್ಣಾ, ನೀನೇ ಕರೆದು ಒಂದು ಮಾತು ಕೇಳು” ಎಂದು ಅತ್ತಳು. ನಾವು ಕರೆದು ಕೇಳಿದೆವು. ಕೇಳಿದುದು ಮಾತ್ರವಲ್ಲ, ತಂದೆಯಿಲ್ಲದ ಮಗನ ಕರ್ತವ್ಯವನ್ನು ಕುರಿತು ಅರ್ಧಗಂಟೆಯ ಉಪನ್ಯಾಸವನ್ನೂ ಮಾಡಿದೆವು. ಹುಡುಗನು ತಲೆ ತಗ್ಗಿಸಿಕೊಂಡು ಕೇಳಿ, “ಮಾವ, ನಾಳೆ ಬೆಳಗ್ಗೆ ಬಂಕಿನ ತನಕ ನನ್ನ ಜತೆ ಬನ್ನಿ” ಎಂದಷ್ಟೇ ಹೇಳಿ ಹೊರಟುಹೋದನು.

ಮಾರನೆಯ ದಿನ ನಮ್ಮನ್ನು ಹಿಂದೆ ಕೂರಿಸಿಕೊಂಡು ಹೋಗಿ, ಟ್ಯಾಂಕನ್ನು ಕಂಠಪರ್ಯಂತ ತುಂಬಿಸಿ, ಗಾಡಿಯು ಓಡಿದ ದೂರದ ಅಂಕೆಯನ್ನು ನಮ್ಮ ಕೈಯಿಂದಲೇ ಬರೆಯಿಸಿದನು. ನಾಲ್ಕು ದಿನ ಕೆಲಸಕ್ಕೆ ಹೋಗಿಬಂದ ಮೇಲೆ ಅದೇ ಬಂಕಿಗೆ ಕರೆದುಕೊಂಡು ಹೋಗಿ ಮತ್ತೆ ಅಷ್ಟೇ ಮಟ್ಟಕ್ಕೆ ತುಂಬಿಸಿದನು. ಓಡಿದ ದೂರ 200 ಕಿಲೋಮೀಟರು. ಹಿಡಿದ ಪೆಟ್ರೋಲು 4 ಲೀಟರು 150 ಮಿಲಿಲೀಟರು. ಲೀಟರಿಗೆ ನಲವತ್ತೆಂಟು! ಬಂಕಿನ ನೆರಳಿನಲ್ಲಿ ನಿಂತು ಆ ಭಾಗಾಕಾರವನ್ನು ಮಾಡುವಾಗ ನಮಗೆ ಆದ ನಾಚಿಕೆಯು, ತರಗತಿಯಲ್ಲಿ ವಿಭಕ್ತಿ ತಪ್ಪಿದಾಗಲೂ ಆಗಿರಲಿಲ್ಲ. ಕಣ್ಣೆದುರಿಗಿದ್ದ ಹುಡುಗನ ಮಾತನ್ನು ಕೇಳದೆ, ಮುಖವನ್ನೇ ಕಾಣದ ಯಾರೋ ಬರೆಯಿಸಿದ ಅಂಕೆಯನ್ನು ನಾವು ನಂಬಿದ್ದೆವು.

ಗಾಡಿಯನ್ನು ಮಾರಿದ ಮಳಿಗೆಗೆ ಹೋಗಿ ವಿಚಾರಿಸಿದೆವು. ಅಲ್ಲಿದ್ದ ತರುಣನು ಒಳ್ಳೆಯವನೇ. “ಸಾರ್, ಅದು ಟೆಸ್ಟಿಂಗಿನಲ್ಲಿ ಬಂದ ಅಂಕೆ. ರೋಡಿನಲ್ಲಿ ಐವತ್ತು ಬಂದರೆ ಸಂತೋಷಪಡಬೇಕು” ಎಂದನು. ಇದನ್ನು ಮೊದಲೇ ಏಕೆ ಹೇಳಲಿಲ್ಲವೆಂದು ಕೇಳಿದ್ದಕ್ಕೆ, “ಹೇಳಿದ್ದರೆ ನೀವು ಎದುರಿನ ಷೋರೂಮಿಗೆ ಹೋಗುತ್ತಿದ್ದಿರಿ ಸಾರ್. ಅಲ್ಲಿ ಎಪ್ಪತ್ತು ಅಂತಾರೆ” ಎಂದನು. ಇದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ.

ಈ ಪರೀಕ್ಷೆಯೆಂಬುದು ಏನೆಂದು ಆಮೇಲೆ ತಿಳಿದುಕೊಂಡೆವು. ಗಾಡಿಯನ್ನು ರಸ್ತೆಯ ಮೇಲೆ ಓಡಿಸುವುದೇ ಇಲ್ಲ. ಪ್ರಯೋಗಶಾಲೆಯಲ್ಲಿ ಉರುಳೆಗಳ ಮೇಲೆ ಚಕ್ರವನ್ನು ನಿಲ್ಲಿಸಿ, ಗೊತ್ತಾದ ಒಂದು ಕ್ರಮದಲ್ಲಿ ವೇಗವನ್ನು ಏರಿಸಿ ಇಳಿಸುತ್ತಾರೆ. ನಮ್ಮ ದೇಶದಲ್ಲಿ ಬಹುಕಾಲ ನಡೆದುಬಂದ ‘ಇಂಡಿಯನ್ ಡ್ರೈವಿಂಗ್ ಸೈಕಲ್’ ಎಂಬ ಕ್ರಮದಲ್ಲಿ ಒಂದು ಆವೃತ್ತಿಗೆ 108 ಸೆಕೆಂಡುಗಳು. ಪರಮಾವಧಿ ವೇಗವು ಗಂಟೆಗೆ 42 ಕಿಲೋಮೀಟರು. ಸರಾಸರಿಯು 22ನ್ನು ಮುಟ್ಟುವುದಿಲ್ಲ. ಅಲ್ಲಿ ಏರುವುದಕ್ಕೆ ದಿಣ್ಣೆಯಿಲ್ಲ, ಎದುರುಗಾಳಿಯಿಲ್ಲ, ಹಿಂದೆ ಕುಳಿತ ಸೋದರಮಾವನಿಲ್ಲ. ಈಚಿನ ಪೆಟ್ರೋಲ್ ಗಾಡಿಗಳಿಗೆ ಇದರ ಬದಲು ಜಗತ್ತಿಗೆಲ್ಲ ಸಾಧಾರಣವಾದ, ಸ್ವಲ್ಪ ಕಠಿಣವಾದ ಇನ್ನೊಂದು ಕ್ರಮವು ಬಂದಿದೆಯಾದರೂ ಅದು ಕೂಡ ಉರುಳೆಗಳ ಮೇಲಿನ ಓಟವೇ. ವಿದ್ಯುತ್ ಸ್ಕೂಟರುಗಳು ಒಂದು ಚಾರ್ಜಿಗೆ ಎಷ್ಟು ದೂರ ಹೋಗುವುವೆಂದು ಹೇಳುವಾಗಲಂತೂ ಹಳೆಯ ಕ್ರಮದ ಹೆಸರೇ ಈಗಲೂ ಕಾಣುತ್ತದೆ.

ಇತ್ತ ನಂಜನಗೂಡಿನ ಹೆದ್ದಾರಿಯಲ್ಲಿ ನಮ್ಮ ಹುಡುಗನು ಅರವತ್ತರಲ್ಲಿ ಹೋಗದಿದ್ದರೆ ಹಿಂದಿನ ಲಾರಿಯವನು ಬಿಡುವುದಿಲ್ಲ. ಗಾಳಿಯ ಪ್ರತಿರೋಧವು ವೇಗದ ವರ್ಗವನ್ನು ಅನುಸರಿಸಿ ಹೆಚ್ಚುತ್ತದೆ. ನಲವತ್ತರಲ್ಲಿ ಇದ್ದುದಕ್ಕಿಂತ ಅರವತ್ತರಲ್ಲಿ ಅದು ಎರಡೂಕಾಲು ಪಾಲಾಗುತ್ತದೆ. ವೇಗವು ಇಮ್ಮಡಿಯಾದರೆ ಆ ಗಾಳಿಯನ್ನು ಗೆಲ್ಲಲು ಬೇಕಾದ ಶಕ್ತಿಯು ಎಂಟರಷ್ಟಾಗುತ್ತದೆ. ಹೀಗಿರುವಲ್ಲಿ 65 ಎಂಬ ಅಂಕೆಯು ಶುದ್ಧ ಸುಳ್ಳೆಂದು ನಾವು ಹೇಳಲಾರೆವು. ಅದು ನಾವು ಕೇಳದೆ ಇದ್ದ ಬೇರೊಂದು ಪ್ರಶ್ನೆಗೆ ಕೊಟ್ಟ ಉತ್ತರ.

ಪಾಠಶಾಲೆಯಲ್ಲಿ ನಾವು ಓದುತ್ತಿದ್ದಾಗ ಮೀಮಾಂಸೆಯಲ್ಲಿ ಅರ್ಥವಾದವೆಂಬ ಪ್ರಕರಣವೊಂದು ಬರುತ್ತಿತ್ತು. ವೇದದಲ್ಲಿ ಇಂತಹ ಕರ್ಮವನ್ನು ಮಾಡು ಎಂದು ವಿಧಿಸುವ ವಾಕ್ಯಗಳು ಕೆಲವು. ಆ ಕರ್ಮವನ್ನೋ ಅದರ ದೇವತೆಯನ್ನೋ ಹೊಗಳುವ ವಾಕ್ಯಗಳು ಕೆಲವು. ಹೊಗಳುವ ವಾಕ್ಯವನ್ನು ವಸ್ತುಸ್ಥಿತಿಯ ವರ್ಣನೆಯೆಂದು ಹಿಡಿಯಕೂಡದು. ಕೇಳಿದವನನ್ನು ಆ ಕರ್ಮಕ್ಕೆ ಪ್ರೇರಿಸುವುದೇ ಅದರ ತಾತ್ಪರ್ಯವೆಂಬುದು ಮೀಮಾಂಸಕರ ಸಿದ್ಧಾಂತ. ಇದಕ್ಕೆ ಅವರು ಕೊಡುವ ಪ್ರಸಿದ್ಧವಾದ ಉದಾಹರಣೆಯು ವಾಯುದೇವನ ವೇಗವನ್ನು ಹೊಗಳುವ ವಾಕ್ಯವೆಂಬುದನ್ನು ನೆನೆದರೆ ನಮಗೆ ಈಗ ನಗು ಬರುತ್ತದೆ. ವೇಗದ ಪ್ರಶಂಸೆಯ ಹಿಂದೆ ಒಂದು ವಿಧಿಯು ಅಡಗಿರುತ್ತದೆಂಬುದನ್ನು ನಮ್ಮವರು ಅಂದೇ ಕಂಡುಕೊಂಡಿದ್ದರು. ವೃತ್ತಪತ್ರಿಕೆಯ ಎರಡು ಪುಟಗಳ ಒಟ್ಟು ವಿಧಿಯು ‘ಕೊಂಡುಕೋ’ ಎಂಬುದೊಂದೇ, ಉಳಿದುದೆಲ್ಲವೂ ಅರ್ಥವಾದ. ದೇವತಾಸ್ತುತಿಗೆ ಹೋಲಿಸಿದೆವೆಂದು ಆಸ್ತಿಕರು ಕೋಪಿಸಿಕೊಳ್ಳಬಾರದು; ಹೋಲಿಕೆಯು ವಾಕ್ಯದ ರೀತಿಗೆ ಮಾತ್ರ.

ಮೈಲೇಜಿನ ಕಥೆ ಹೀಗಾದರೆ ಅಶ್ವಶಕ್ತಿಯದು ಇನ್ನೊಂದು ಬಗೆ. ಈ ಮಾನವನ್ನು ಗೊತ್ತುಮಾಡಿದವರು ಜೇಮ್ಸ್ ವಾಟ್; ನಿಮಿಷಕ್ಕೆ 33,000 ಪೌಂಡು ಭಾರವನ್ನು ಒಂದು ಅಡಿ ಎತ್ತುವಷ್ಟು ಕೆಲಸ. ಇವರೂ ತಮ್ಮ ಉಗಿಯಂತ್ರಗಳನ್ನು ಮಾರಬೇಕಾಗಿದ್ದವರೇ ಎಂಬುದನ್ನು ಮರೆಯಬಾರದು. ಈ ಇಂಗ್ಲಿಷ್ ಅಶ್ವವು 746 ವಾಟುಗಳಷ್ಟು. ಯೂರೋಪಿನ ಮೆಟ್ರಿಕ್ ಅಶ್ವವು ಸುಮಾರು 735 ವಾಟು ಮಾತ್ರ. ಚಿಕ್ಕ ಕುದುರೆಗಳಿಂದ ಎಣಿಸಿದರೆ ಲೆಕ್ಕಕ್ಕೆ ಹೆಚ್ಚು ಕುದುರೆಗಳು ಸಿಕ್ಕುವುದು ಸಹಜವಷ್ಟೆ. ಅದೂ ಎಂಜಿನ್ನಿನ ದಂಡದಲ್ಲಿ ಅಳೆದ ಶಕ್ತಿಯೇ ಹೊರತು, ಗೇರುಗಳನ್ನೂ ಚೈನನ್ನೂ ದಾಟಿ ಚಕ್ರಕ್ಕೆ ತಲಪುವ ಶಕ್ತಿಯಲ್ಲ. ನಿಮಿಷಕ್ಕೆ ಎಂಟು ಒಂಬತ್ತು ಸಾವಿರ ಸುತ್ತು ತಿರುಗಿದಾಗ ಮಾತ್ರ ದೊರೆಯುವ ಶಕ್ತಿಯನ್ನು ದಿನವೂ ತರಕಾರಿ ತರುವವನಿಗೆ ಹೇಳಿ ಪ್ರಯೋಜನವೇನು? ತೂಕದ ವಿಷಯವೂ ಹಾಗೆಯೇ. ಪೆಟ್ರೋಲು, ಎಣ್ಣೆಗಳನ್ನು ತುಂಬದೆ ತೂಗಿದ ತೂಕವನ್ನು ಕೆಲವರು ಹೇಳುತ್ತಾರೆ. ಊಟಕ್ಕೆ ಮುಂಚೆ ತೂಗಿಸಿಕೊಂಡು ತಾನು ಇಳಿದಿದ್ದೇನೆ ಎನ್ನುವವರಂತೆ ಇದು. ವೇಗಮಾಪಕವನ್ನೂ ಪೂರ್ತಿಯಾಗಿ ನಂಬಲಾಗದು. ನಿಜವಾದ ವೇಗಕ್ಕಿಂತ ಕಡಮೆ ತೋರಿಸಕೂಡದು, ಸ್ವಲ್ಪ ಹೆಚ್ಚು ತೋರಿಸಿದರೆ ಬಾಧಕವಿಲ್ಲ ಎಂಬುದು ಅನೇಕ ದೇಶಗಳು ಒಪ್ಪಿದ ನಿಯಮ. ಗೆಳೆಯರ ಮುಂದೆ ನೂರಿಪ್ಪತ್ತರಲ್ಲಿ ಹೋದೆನೆಂದು ಹೇಳಿಕೊಳ್ಳುವ ಹುಡುಗರು ಅಷ್ಟು ಹೋಗಿರುವುದಿಲ್ಲವೆಂಬುದು ಅವರ ತಾಯಂದಿರಿಗೆ ಸ್ವಲ್ಪ ಸಮಾಧಾನವನ್ನು ಕೊಡಬಹುದು.

ದೊಡ್ಡ ಕಂಪೆನಿಗಳು ಹೀಗೆ ಸಿಕ್ಕಿಬಿದ್ದುದೂ ಉಂಟು. 2006ರ ಮಾದರಿಯ ಯಮಹಾ ಆರ್ 6 ಎಂಬ ಪಂದ್ಯದ ವರ್ಗದ ಗಾಡಿಯ ಎಂಜಿನ್ನು ನಿಮಿಷಕ್ಕೆ 17,500 ಸುತ್ತಿನವರೆಗೆ ಹೋಗಬಲ್ಲುದೆಂದು ಪ್ರಕಟಿಸಿದ್ದರು. ಗಾಡಿಯ ಮಾಪಕದ ಕೆಂಪು ಗೆರೆಯೂ ಅಲ್ಲಿಯೇ ಇತ್ತು. ನಿಜವಾದ ಮಿತಿಯು ಅದಕ್ಕಿಂತ ಸಾವಿರಕ್ಕೂ ಮೇಲ್ಪಟ್ಟು ಕಡಮೆಯೆಂದು ಆ ವರ್ಷದ ಫೆಬ್ರವರಿಯಲ್ಲಿ ಕಂಪೆನಿಯವರೇ ಒಪ್ಪಿಕೊಂಡು, ಅತೃಪ್ತರಾದ ಗಿರಾಕಿಗಳಿಂದ ಗಾಡಿಯನ್ನು ಹಿಂದಕ್ಕೆ ಕೊಳ್ಳುವುದಾಗಿ ಹೇಳಿದರು. ಮಾತು ತಪ್ಪಿದುದೂ ನಿಜ, ತಪ್ಪನ್ನು ಹಣ ಕೊಟ್ಟು ತಿದ್ದಲು ಬಂದುದೂ ನಿಜ. ಎರಡನ್ನೂ ಹೇಳುವುದು ನ್ಯಾಯ.

ಇದಕ್ಕೆ ಪ್ರತಿಯಾಗಿ ಹಳೆಯ ಉದಾಹರಣೆಯೊಂದಿದೆ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ಜಾರ್ಜ್ ಬ್ರೌ ಎಂಬವರು 1924ರಿಂದ ತಯಾರಿಸಿದ ‘ಬ್ರೌ ಸುಪೀರಿಯರ್ ಎಸ್‌ಎಸ್ 100’ ಎಂಬ ಗಾಡಿಯ ಹೆಸರಿನಲ್ಲಿರುವ ನೂರು ಗಂಟೆಗೆ ನೂರು ಮೈಲಿಯನ್ನು, ಎಂದರೆ 160 ಕಿಲೋಮೀಟರನ್ನು, ಸೂಚಿಸುತ್ತದೆ. ಗಾಡಿಯನ್ನು ಓಡಿಸಿ ನೋಡಿ ಆ ವೇಗಕ್ಕೆ ತಾವೇ ಪ್ರಮಾಣಪತ್ರ ಕೊಡುತ್ತಿದ್ದರು. ವಸ್ತುವನ್ನು ಇದ್ದಂತೆ ಕಂಡು, ಕಂಡಂತೆ ಹೇಳಬೇಕೆಂಬ ಇಚ್ಛೆಯುಳ್ಳವನೇ ಆಪ್ತನೆಂದು ನೈಯಾಯಿಕರು ಹೇಳುವರು. ಪ್ರಯೋಗಶಾಲೆಯ ಹೆಸರಿನ ಹಿಂದೆ ನಿಲ್ಲದೆ ಸ್ವಂತ ಹೆಸರನ್ನೇ ಪಣವಾಗಿಟ್ಟ ಆ ತಯಾರಕನ ಮಾತು ಆಪ್ತವಾಕ್ಯಕ್ಕೆ ಸಮೀಪವಾದುದು. ಆ ಗಾಡಿಯ ಬೆಲೆಯು ಸಾಮಾನ್ಯರಿಗೆ ಎಟುಕುತ್ತಿರಲಿಲ್ಲವೆಂಬುದು ಬೇರೆ ಮಾತು.

ಇನ್ನು ಹೊಸ ಮಾದರಿಗಳನ್ನು ಹೊರಡಿಸುವ ಪದ್ಧತಿಯನ್ನು ನೋಡೋಣ. ಮೈಸೂರಿನವರಾದ ನಮಗೆ ಇಲ್ಲಿ ಜಾವಾ ಗಾಡಿಯ ನೆನಪಾಗದೆ ಇರದು. 1929ರಲ್ಲಿ ಪ್ರಾಗ್ ನಗರದ ಯಾನೆಚೆಕ್ ಎಂಬವರು ಜರ್ಮನಿಯ ವಾಂಡರರ್ ಕಂಪೆನಿಯ ಮೋಟಾರು ಸೈಕಲ್ ವಿಭಾಗವನ್ನು ಕೊಂಡು, ಎರಡು ಹೆಸರುಗಳ ಆದ್ಯಕ್ಷರಗಳನ್ನೂ ಸಂಧಿ ಮಾಡಿ ‘ಜಾವಾ’ ಎಂದು ಕರೆದರು. 1961ರಲ್ಲಿ ಮೈಸೂರಿನ ಯಾದವಗಿರಿಯ ಕಾರ್ಖಾನೆಯಲ್ಲಿ ಈ ಗಾಡಿಗಳು ತಯಾರಾಗತೊಡಗಿದುವು. ಅನಂತರ ಯೆಜ್ಡಿ ಎಂಬ ಹೆಸರು ಬಂತು. 1996ರಲ್ಲಿ ಕಾರ್ಖಾನೆಯು ಮುಚ್ಚಿತು. ನಾವು ಹುಡುಗರಾಗಿದ್ದಾಗ ಮೂರು ಬೀದಿಗಳಾಚೆಯಿಂದಲೇ ಆ ಸದ್ದನ್ನು ಕೇಳಿ, ಬರುತ್ತಿರುವವರು ಯಾರೆಂದು ಹೇಳುತ್ತಿದ್ದೆವು.

ಆ ಹೆಸರು 2018ರ ನವೆಂಬರ್ 15ರಂದು ಮತ್ತೆ ಬಂತು. ಈ ಸಲ ತಯಾರಾಗುವ ಸ್ಥಳ ಮೈಸೂರಲ್ಲ, ಮಧ್ಯಪ್ರದೇಶದ ಪೀತಂಪುರ. ಅಂದು ಮೂರು ಗಾಡಿಗಳ ಬೆಲೆಯನ್ನು ಸಾರಿದರು: ದೆಹಲಿಯ ಮಳಿಗೆಯ ದರದಂತೆ ‘ನಲವತ್ತೆರಡು’ ಎಂಬುದಕ್ಕೆ 1.55 ಲಕ್ಷ, ಜಾವಾಕ್ಕೆ 1.64 ಲಕ್ಷ, ಪೇರಾಕ್ ಎಂಬುದಕ್ಕೆ 1.89 ಲಕ್ಷ ರೂಪಾಯಿ. ಮೊದಲಿನ ಎರಡಕ್ಕೆ ಐದು ಸಾವಿರ ರೂಪಾಯಿ ಮುಂಗಡ ತೆಗೆದುಕೊಂಡರು. ಹಳೆಯ ನೆನಪಿನಿಂದ ಜನರು ಮುಗಿಬಿದ್ದರು. ಡಿಸೆಂಬರ್ ಮುಗಿಯುವುದರೊಳಗೆ, ಮುಂದಿನ ಸೆಪ್ಟೆಂಬರಿನವರೆಗೆ ತಯಾರಾಗತಕ್ಕ ಗಾಡಿಗಳೆಲ್ಲವೂ ಮಾರಾಟವಾದುವೆಂದು ಮುಂಗಡವನ್ನೇ ನಿಲ್ಲಿಸಬೇಕಾಯಿತು. ಗಾಡಿಗಳು ಜನರ ಕೈಗೆ ಬರತೊಡಗಿದುದು 2019ರ ಮಾರ್ಚಿನ ಕೊನೆಯಲ್ಲಿ. ಅಷ್ಟರಲ್ಲಿ, ಎರಡು ಚಕ್ರಗಳಿಗೂ ಜಾರದ ಬ್ರೇಕನ್ನು ಅಳವಡಿಸಿದ ಇನ್ನೊಂದು ಬಗೆಯೂ ಹೆಚ್ಚಿನ ಬೆಲೆಗೆ ಪ್ರಕಟವಾಗಿತ್ತು. ಪೇರಾಕಿನ ಕಥೆ ಇನ್ನೂ ಉದ್ದ. ಒಂದು ವರ್ಷ ಕಳೆದ ಮೇಲೆ 1.95 ಲಕ್ಷದ ಬೆಲೆಯೊಡನೆ ಅದನ್ನು ಎರಡನೆಯ ಸಲ ಅನಾವರಣ ಮಾಡಿದರು. ಕೊಂಡವರ ಮನೆಯನ್ನು ಅದು ಸೇರತೊಡಗಿದುದು 2020ರ ನಡುವಿನಲ್ಲಿ. ಕಡೆಯ ವಿಳಂಬದಲ್ಲಿ ಆ ವರ್ಷದ ಮಹಾಮಾರಿಯ ಪಾಲೂ ಇತ್ತು. ಆದರೂ, ಇನ್ನೂ ಇಲ್ಲದ ವಸ್ತುವಿಗೆ ಬೆಲೆಯನ್ನು ಹೇಳುವುದು ಹುಟ್ಟದ ಮಗುವಿಗೆ ನಾಮಕರಣದ ಮುಹೂರ್ತ ಇಟ್ಟಂತೆಯೇ ಸರಿ. ಇದು ಒಂದು ಕಂಪೆನಿಯ ದೋಷವೆಂದು ನಾವು ಹೇಳುವುದಿಲ್ಲ. ಈಗಿನ ವ್ಯಾಪಾರದ ರೂಢಿಯೇ ಹಾಗಾಗಿದೆ.

ಮಳಿಗೆಯವರು ಹೇಳುವ ಖಚಿತವಾದ ಬೆಲೆಯೆಂಬುದು ಎಷ್ಟು ಖಚಿತವೆಂಬುದನ್ನು 2017ರ ಮಾರ್ಚಿನಲ್ಲಿ ದೇಶವೆಲ್ಲ ಕಂಡಿತು. ಹಳೆಯ ಹೊಗೆಮಾನದ, ಎಂದರೆ ಬಿಎಸ್ 3 ದರ್ಜೆಯ, ವಾಹನಗಳನ್ನು ಏಪ್ರಿಲ್ 1ರಿಂದ ಮಾರಕೂಡದೆಂದು ಸುಪ್ರೀಂ ಕೋರ್ಟು ಮಾರ್ಚ್ 29ರಂದು ಆಜ್ಞೆ ಮಾಡಿತು. ಆಗ ಮಾರಾಟವಾಗದೆ ಉಳಿದಿದ್ದುವು ಎಂಟು ಲಕ್ಷಕ್ಕೂ ಮೇಲ್ಪಟ್ಟ ವಾಹನಗಳು. ಅವುಗಳೊಳಗೆ ಆರೂವರೆ ಲಕ್ಷಕ್ಕಿಂತ ಹೆಚ್ಚು ದ್ವಿಚಕ್ರಗಳು. ಹಿಂದಿನ ದಿನದವರೆಗೆ ನೂರು ರೂಪಾಯಿಯನ್ನೂ ಇಳಿಸದೆ ಇದ್ದ ಮಳಿಗೆಗಳಲ್ಲಿ ಎರಡು ದಿನ ಸಾವಿರಾರು ರೂಪಾಯಿಯ ರಿಯಾಯಿತಿ! ಜನರು ಅಕ್ಕಿಯ ಕ್ಷಾಮದಲ್ಲಿ ನಿಲ್ಲುವಂತೆ ಸಾಲು ನಿಂತರು.

ನ್ಯಾಯವಾಗಿ ಹೇಳಬೇಕಾದರೆ, ಕಾನೂನು ಬಿಗಿಯಾದಾಗಲೆಲ್ಲ ಗಾಡಿಗಳು ನಿಜವಾಗಿಯೂ ಉತ್ತಮವಾಗಿವೆ. 125 ಸಿ.ಸಿ.ಗೆ ಮೇಲ್ಪಟ್ಟ ಗಾಡಿಗಳಿಗೆ 2019ರ ಏಪ್ರಿಲಿನಿಂದ ಜಾರದ ಬ್ರೇಕು ಕಡ್ಡಾಯವಾಯಿತು. 2020ರ ಏಪ್ರಿಲಿನಿಂದ ಹೊಗೆಯ ನಿಯಮವೂ ಬಿಗಿಯಾಯಿತು. ಇಂಜಿನಿಯರುಗಳ ಪರಿಶ್ರಮವನ್ನು ನಾವು ಅಲ್ಲಗಳೆಯುವವರಲ್ಲ. ಕಾನೂನಿನ ಒತ್ತಾಯವಿಲ್ಲದ ವರ್ಷಗಳಲ್ಲಿ ಮಾತ್ರ ಟ್ಯಾಂಕಿನ ಮೇಲಿನ ಚಿತ್ರ ಬದಲಾಗುತ್ತದೆ, ಹೆಸರಿನ ಮುಂದೆ ಒಂದು ಅಕ್ಷರ ಸೇರುತ್ತದೆ, ಬೆಲೆಯು ಏರುತ್ತದೆ. ಸುಳ್ಳು ಪ್ರಕಟನೆಗೂ ಕಾನೂನುಂಟು. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದಂತೆ ತಪ್ಪುದಾರಿಗೆಳೆಯುವ ಪ್ರಕಟನೆಗೆ ಹತ್ತು ಲಕ್ಷ ರೂಪಾಯಿಯವರೆಗೂ, ಮರಳಿ ತಪ್ಪಿದರೆ ಐವತ್ತು ಲಕ್ಷದವರೆಗೂ ದಂಡ ವಿಧಿಸಬಹುದು. ಬುಡದ ಷರತ್ತು ಮೇಲಿನ ಮಾತಿನ ಭಾಷೆಯಲ್ಲಿಯೇ ಇರಬೇಕೆಂದು 2022ರ ಮಾರ್ಗಸೂಚಿಯು ಹೇಳುತ್ತದೆ. ನಮ್ಮ ಭೂತಗನ್ನಡಿಗೆ ಕಂಡ ಇಂಗ್ಲಿಷ್ ಇರುವೆಗಳಿಗೆ ಈ ಸೂಚಿಯು ಇನ್ನೂ ಮುಟ್ಟಿಲ್ಲವೆಂದು ತೋರುತ್ತದೆ.

ತಂಗಿಯ ಮನೆಯ ಕಥೆಯನ್ನು ಅರ್ಧಕ್ಕೆ ಬಿಟ್ಟೆವು. ಬಂಕಿನಿಂದ ನೇರವಾಗಿ ಅವಳ ಮನೆಗೆ ಹೋಗಿ, ಹಿಂದೆ ಗುರುತು ಹಾಕಿದ್ದ ಲೆಕ್ಕದ ಹಾಳೆಯನ್ನು ಕೇಳಿ ತೆಗೆದುಕೊಂಡು, 65ನ್ನು ಹೊಡೆದುಹಾಕಿ 48 ಎಂದು ಬರೆದು ಕೆಳಗೆ ನಮ್ಮ ರುಜು ಹಾಕಿದೆವು. ಹುಡುಗನ ಮುಂದೆ ತಪ್ಪನ್ನೂ ಒಪ್ಪಿಕೊಂಡೆವು. ಅವನು, “ಬಿಡಿ ಮಾವ” ಎಂದನು. ಅಂದಿನಿಂದ ಪೆಟ್ರೋಲು ತುಂಬಿಸಿದ ಪ್ರತಿಯೊಂದು ಸಲವೂ ತಾಯಿಯ ಜಮಾಖರ್ಚಿನ ಪುಸ್ತಕದ ಹಿಂದಿನ ಪುಟಗಳಲ್ಲಿ ಅವನು ದೂರವನ್ನೂ ಲೀಟರನ್ನೂ ಬರೆದಿಡುತ್ತಾನೆ. ಬೀದಿಯಲ್ಲಿ ಯಾರು ಗಾಡಿ ಕೊಳ್ಳುವುದಾದರೂ ಮೊದಲು ಬಂದು ಆ ಪುಟಗಳನ್ನು ನೋಡಿಕೊಂಡು ಹೋಗುವುದುಂಟು. ಮಳೆಗಾಲದಲ್ಲಿ ಎಷ್ಟು, ಇಬ್ಬರು ಕುಳಿತರೆ ಎಷ್ಟು, ಚೈನನ್ನು ಬಿಗಿಮಾಡಿಸಿದ ಮೇಲೆ ಎಷ್ಟು ಎಂಬುದೆಲ್ಲವೂ ಅಲ್ಲಿದೆ. ಕಿರಿಯವಳು ಈ ವರ್ಷ ತರಗತಿಗೆ ಮತ್ತೆ ಸೇರಿದಳು. ಸರವು ಇನ್ನೂ ಒತ್ತೆಯಲ್ಲಿಯೇ ಇದೆ. ಯುಗಾದಿಯೊಳಗೆ ಬಿಡಿಸಿಕೊಳ್ಳುವ ಯೋಚನೆ.

ನವರಾತ್ರಿಯ ಆ ಪ್ರಕಟನೆಯನ್ನು ನಾವು ಅವನಿಗೆ ತೋರಿಸಿದೆವು. ಮೂಲೆಯಲ್ಲಿದ್ದ ಒಂದು ಹೊಸ ಗಾಡಿಯನ್ನು ಬಹಳ ಹೊತ್ತು ದಿಟ್ಟಿಸಿ, “ಮಾವ, ಇದು ನನ್ನ ಗಾಡಿಯೇ. ಸ್ಟಿಕ್ಕರ್ ಬದಲಾಯಿಸಿದ್ದಾರೆ ಅಷ್ಟೆ” ಎಂದು ನಕ್ಕನು. ಆಯುಧಪೂಜೆಯ ದಿನ ಅವನು ಗಾಡಿಯನ್ನು ತೊಳೆದು ಹೂವಿನ ಹಾರ ಹಾಕಿ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟನು. ಅವನ ತಾಯಿಯು ಗಾಡಿಗೆ ಕುಂಕುಮವನ್ನು ಹಚ್ಚಿ, ಒಳಗಿನಿಂದ ಆ ಲೆಕ್ಕದ ಪುಸ್ತಕವನ್ನೂ ತಂದು ಅದರ ರಟ್ಟಿಗೂ ಒಂದು ಬೊಟ್ಟು ಇಟ್ಟಳು.